ಸವಣೂರಿನ ದೊಡ್ಡ ಹುಣಸೆ ಮರಕ್ಕೆ ನಿಜವಾಗಿ ಎಷ್ಟು ವಯಸ್ಸು? ಯಾರಿಗಾದರೂ ಗೊತ್ತಾ?

ಬ್ಯಾಡಗಿ_ಕಾಯಿ:
ಹಾವೇರಿ ಕಡೆಯವರು, ಗಿಡಮರದ ಬಗ್ಗೆ ತಿಳಿದವರು ಯಾರಾದರೂ ಇದ್ದರೆ ಸ್ವಲ್ಪ ಹೇಳಿ. ಸವಣೂರಿನ ಕಲ್ಮಠದಲ್ಲಿ ಮೂರು ಬಾವೊಬಾಬ್ ಮರಗಳಿವೆ ಅಲ್ವಾ, ನಮ್ಮ ಕಡೆ ದೊಡ್ಡ ಹುಣಸೆ ಮರ ಅಂತಾರಲ್ಲ, ಅವುಗಳ ವಯಸ್ಸಿನ ಬಗ್ಗೆ ನಮ್ಮ ಮನೆಯಲ್ಲಿ ದೊಡ್ಡ ವಾದ ಎದ್ದಿದೆ. ದೊಡ್ಡಪ್ಪ 5000 ವರ್ಷ ಅಂತಾರೆ, ಶ್ರೀಕೃಷ್ಣನೇ ಆಫ್ರಿಕಾದಿಂದ ಸಸಿ ತಂದನಂತೆ. ಪೇಪರಿನಲ್ಲಿ ಯಾವಾಗಲೂ 2000 ವರ್ಷ ಎಂದು ಬರುತ್ತದೆ. ನಮ್ಮ ಭಾವ ಮಾತ್ರ "ಅದೆಲ್ಲ ಸುಳ್ಳು, ನವಾಬರು ನೆಡಿಸಿದ್ದು, ಜಾಸ್ತಿ ಅಂದರೆ 300 ವರ್ಷ" ಅಂತ ಪಟ್ಟು ಹಿಡಿದಿದ್ದಾರೆ. ಮರಗಳ ಸುತ್ತಳತೆಯೇ ಹತ್ತು ಮೀಟರಿಗಿಂತ ಜಾಸ್ತಿ ಇದೆ, ಹಾಗಾಗಿ 300 ಅಂದರೆ ನನಗೂ ಒಪ್ಪಿಗೆ ಆಗುತ್ತಿಲ್ಲ. ಕಡಿಯದೆ ಮರದ ವಯಸ್ಸು ಹೇಳುವ ದಾರಿ ಏನಾದರೂ ಇದೆಯಾ?

ಖಾರಾ_ಮಂಡಕ್ಕಿ:
ಸವಣೂರು ಅಂದ ಕೂಡಲೇ ನನಗೆ ನೆನಪಾಗೋದು ಖಾರಾ ಮತ್ತು ವೀಳ್ಯದೆಲೆ. ಮರ ನೋಡೋಕೆ ಹೋದವರು ಅರ್ಧ ಕೆಜಿ ಖಾರಾ ತಂದಿರಾ ಇಲ್ವಾ, ಮೊದಲು ಅದನ್ನ ಹೇಳಿ.

ಹಳೇ_ಮೈಸೂರು:
ನಮ್ಮ ದೇಶದಲ್ಲಿ ಯಾವ ಮರಕ್ಕೂ 1000 ವರ್ಷಕ್ಕಿಂತ ಕಡಿಮೆ ವಯಸ್ಸೇ ಇಲ್ಲ ನೋಡಿ. ಒಬ್ಬರು ಹೇಳಿದ ಸಂಖ್ಯೆಯನ್ನ ಇನ್ನೊಬ್ಬರು ಬರೀತಾರೆ, ಅವರು ಬರೆದದ್ದನ್ನ ಬೋರ್ಡ್ ಮೇಲೆ ಹಾಕ್ತಾರೆ, ಆಮೇಲೆ ಬೋರ್ಡೇ ಪ್ರಮಾಣ. ನಿಮ್ಮ ಭಾವನ ಕಡೆ ನನ್ನ ಒಂದು ವೋಟು.

ಗಿಡಗಂಟಿ_ಮೇಷ್ಟ್ರು:
ಒಳ್ಳೆಯ ಪ್ರಶ್ನೆ. ಸ್ವಲ್ಪ ಉದ್ದ ಬರೀತೀನಿ, ಬೇಜಾರಾದರೆ ದಾಟಿಕೊಂಡು ಹೋಗಿ.

ಮರದ ಉಂಗುರ ಎಣಿಸಿ ವಯಸ್ಸು ಹೇಳೋದು ಚಳಿ ದೇಶದ ಮರಗಳಿಗೆ ಸುಲಭ. ಅಲ್ಲಿ ವರ್ಷಕ್ಕೊಂದು ಬೆಳವಣಿಗೆ, ಒಂದು ನಿಲುಗಡೆ. ಕ್ಯಾಲಿಫೋರ್ನಿಯಾದ ಬ್ರಿಸಲ್‌ಕೋನ್ ಪೈನ್‌ಗೆ 4800 ವರ್ಷದ ಮೇಲೆ ಎಂದು ಹೇಳಲು ಆಗಿದ್ದು ಹಾಗೆಯೇ. ಸಣ್ಣ ಕೊಳವೆಯಂಥ ಉಪಕರಣ ತಿರುಗಿಸಿ ಒಂದು ಕಡ್ಡಿಯಷ್ಟು ಕಟ್ಟಿಗೆ ತೆಗೆದರೆ ಸಾಕು, ಮರ ಸಾಯೋದಿಲ್ಲ. ನಮ್ಮ ಕಡೆಯ ಎಷ್ಟೋ ಮರಗಳಲ್ಲಿ ಉಂಗುರ ಸ್ಪಷ್ಟವಾಗಿ ಇರೋದೇ ಇಲ್ಲ. ಬಾವೊಬಾಬ್‌ನ ತೊಂದರೆ ಇನ್ನೂ ಬೇರೆ. ಅದರ ಒಳಗೆ ಗಟ್ಟಿ ಕಟ್ಟಿಗೆ ಕಡಿಮೆ, ನೀರು ತುಂಬಿದ ನಾರಿನಂಥ ಭಾಗವೇ ಜಾಸ್ತಿ. ವಯಸ್ಸಾದ ಮರದ ಹೊಟ್ಟೆ ಪೊಳ್ಳು. ಹಳೆಯ ಭಾಗವೇ ಇಲ್ಲ ಅಂದಮೇಲೆ ಏನು ಎಣಿಸುತ್ತೀರಿ?

ಸುತ್ತಳತೆ ನೋಡಿ ಹೇಳೋದೂ ಮೋಸವೇ. ಹಲವು ಕಾಂಡಗಳು ಒಂದಕ್ಕೊಂದು ಅಂಟಿಕೊಂಡು ಒಂದೇ ದಪ್ಪ ಕಾಂಡದ ಹಾಗೆ ಕಾಣೋದು ಬಾವೊಬಾಬ್‌ನ ಸ್ವಭಾವ. ನೀರು ಚೆನ್ನಾಗಿ ಸಿಕ್ಕಿದ ಮರ ಬೇಗ ದಪ್ಪ ಆಗುತ್ತದೆ, ಸಿಗದ್ದು ಆಗೋದಿಲ್ಲ. ನಂಬಬಹುದಾದ ದಾರಿ ಅಂದರೆ ಒಳಗಿನ ಪೊಳ್ಳಿನ ಗೋಡೆಯಿಂದ ಚೂರು ತೆಗೆದು ರೇಡಿಯೋಕಾರ್ಬನ್ ಪರೀಕ್ಷೆ ಮಾಡೋದು, ಅಂದರೆ ಕಟ್ಟಿಗೆಯಲ್ಲಿ ಉಳಿದಿರುವ ವಿಕಿರಣಶೀಲ ಇಂಗಾಲ ಅಳೆದು ವಯಸ್ಸು ಲೆಕ್ಕ ಹಾಕೋದು. ರೊಮೇನಿಯಾದ ಆಡ್ರಿಯನ್ ಪತ್ರುಟ್ ಎಂಬ ವಿಜ್ಞಾನಿ ಮತ್ತು ಅವರ ತಂಡ ಆಫ್ರಿಕಾದ ಎಷ್ಟೋ ಬಾವೊಬಾಬ್‌ಗಳಿಗೆ ಹೀಗೆ ಮಾಡಿದ್ದಾರೆ. ಅವುಗಳಲ್ಲಿ ತುಂಬಾ ಹಳೆಯದು ಜಿಂಬಾಬ್ವೆಯದು, ಸುಮಾರು 2450 ವರ್ಷ. ಅದೂ ಈಗ ಸತ್ತು ಹೋಗಿದೆ. ಅಂದರೆ ಬಾವೊಬಾಬ್ 5000 ವರ್ಷ ಬದುಕಿದ್ದಕ್ಕೆ ಅದರ ತವರಿನಲ್ಲೇ ಪುರಾವೆ ಇಲ್ಲ. ಪ್ರಯಾಗ್‌ರಾಜ್ ಹತ್ತಿರದ ಝೂನ್ಸಿಯಲ್ಲಿ ಗಂಗಾ ದಡದ ಮೇಲೆ ಒಂದು ಬಾವೊಬಾಬ್ ಇದೆ, ಪಾರಿಜಾತ ಅಂತ ಪೂಜೆ ಮಾಡ್ತಾರೆ. ಅದಕ್ಕೂ ಇದೇ ತಂಡ ಪರೀಕ್ಷೆ ಮಾಡಿತು. ಬಂದ ಲೆಕ್ಕ ಏಳೆಂಟು ನೂರು ವರ್ಷ. ಅಲ್ಲೂ ಜನ ಸಾವಿರಗಟ್ಟಲೆ ಹೇಳುತ್ತಿದ್ದರು.

ನಿಮ್ಮ ದೊಡ್ಡಪ್ಪನಿಗೂ ಭಾವನಿಗೂ ನಡುವೆ ಎಲ್ಲೋ ಇದೆ ಅಂದುಕೊಳ್ಳಿ.

ಬ್ಯಾಡಗಿ_ಕಾಯಿ:
ಮೇಷ್ಟ್ರೇ, ದೊಡ್ಡಪ್ಪನಿಗೆ ಓದಿ ಹೇಳಿದೆ. "ಅವರು ಹುಟ್ಟುವ ಮೊದಲೇ ಮರ ಇತ್ತು, ಅವರೇನು ಹೇಳ್ತಾರೆ" ಅಂದರು.

ಹಳೇ_ಮೈಸೂರು:
ಹಹ್ಹಾ, ದೊಡ್ಡಪ್ಪನ ವಾದಕ್ಕೆ ಉತ್ತರ ಇಲ್ಲ.

ಶಾಲ್ಮಲಾ_ತೀರ:
ನನಗೆ ಈ ಕೃಷ್ಣನ ಕತೆಯಲ್ಲಿ ಒಂದು ಮಾತು ತುಂಬಾ ಹಿಡಿಸಿತು. ಮರ ಆಫ್ರಿಕಾದಿಂದ ಬಂತು ಎಂಬುದನ್ನ ಊರಿನ ಜನ ಕತೆಯಲ್ಲೇ ಇಟ್ಟುಕೊಂಡಿದ್ದಾರೆ! ಬೇರೆ ಕಡೆ ಆಗಿದ್ದರೆ ನಮ್ಮದೇ ಮರ ಅಂತ ಹೇಳಿಬಿಡುತ್ತಿದ್ದರು. ತಂದವರು ಯಾರು ಎಂಬುದಷ್ಟೇ ಈಗ ಉಳಿದಿರುವ ಪ್ರಶ್ನೆ. ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಸಿದ್ದಿ ಜನ ಇದ್ದಾರೆ, ಮೂಲ ಆಫ್ರಿಕಾದವರು. ಮುಂಡಗೋಡಿನಿಂದ ಸವಣೂರು ಏನು ಮಹಾ ದೂರ? ಅವರೇ ತಂದಿರಬಹುದಲ್ವಾ?

ಗಿಡಗಂಟಿ_ಮೇಷ್ಟ್ರು:
ಇರಬಹುದು, ಆದರೆ ನಮ್ಮ ಕಡೆಯ ಸಿದ್ದಿಗಳಲ್ಲಿ ಹೆಚ್ಚಿನವರು ಬಂದದ್ದು ಪೋರ್ಚುಗೀಸರ ಗೋವಾದ ಮೂಲಕ. ಗುಲಾಮರಾಗಿ ತಂದವರಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಬಿಜಾಪುರ ಸುಲ್ತಾನರ ಹತ್ತಿರ ಇದ್ದ ಹಬ್ಶಿಗಳ, ಅಂದರೆ ಆಫ್ರಿಕಾ ಮೂಲದ ಸೈನಿಕರ ಕತೆ ಬೇರೆ. ಇಖ್ಲಾಸ್ ಖಾನ್ ಅಂಥವರು ಅಲ್ಲಿ ರಾಜ್ಯಭಾರವನ್ನೇ ನಡೆಸಿದ್ದಾರೆ. ಬಾವೊಬಾಬ್ ಇರುವ ಜಾಗಗಳನ್ನ ನೋಡಿ: ವಿಜಯಪುರ, ಹೈದರಾಬಾದಿನ ಗೋಲ್ಕೊಂಡಾ, ಮಧ್ಯಪ್ರದೇಶದ ಮಾಂಡು. ಎಲ್ಲ ಹಳೆಯ ಸುಲ್ತಾನರ ಊರುಗಳೇ. ಅದಕ್ಕೇ ಹಿಂದೆ ಎಲ್ಲರೂ ಇದು ಹಬ್ಶಿ ಸೈನಿಕರು ಅಥವಾ ಅರಬ್ ವ್ಯಾಪಾರಿಗಳು ತಂದದ್ದು ಎಂದೇ ಹೇಳುತ್ತಿದ್ದರು.

2015ರಲ್ಲಿ ಡಿಎನ್‌ಎ ಅಧ್ಯಯನ ಒಂದು ಬಂತು. ಆಫ್ರಿಕಾದ ಮತ್ತು ಭಾರತದ ಬಾವೊಬಾಬ್‌ಗಳನ್ನ ಹೋಲಿಸಿ ನೋಡಿದರು. ನಮ್ಮ ದೇಶದ ಮರಗಳ ಹತ್ತಿರದ ಸಂಬಂಧಿಗಳು ಮೊಂಬಾಸಾದಿಂದ ದಾರ್ ಎಸ್ ಸಲಾಮ್‌ವರೆಗಿನ ಕರಾವಳಿಯವು ಎಂದು ತಿಳಿಯಿತು. ಒಂದೇ ಸಲ ಬಂದದ್ದಲ್ಲ, ಹಲವು ಸಲ ಬಂದಿವೆ, ಮತ್ತು ಮೊದಲು ಅಂದುಕೊಂಡದ್ದಕ್ಕಿಂತ ಹೆಚ್ಚು ಕಾಲದಿಂದ ಬರುತ್ತಿವೆ ಎಂಬುದು ಅವರ ತೀರ್ಮಾನ. ಹಾಗಾಗಿ "ನವಾಬರೇ ತಂದರು" ಎಂದು ಕಡ್ಡಿ ಮುರಿದಂತೆ ಹೇಳೋದೂ ಕಷ್ಟ.

ಮಸ್ಕತ್_ಮಂಜ:
ಇಲ್ಲಿ ಒಮಾನ್‌ನಲ್ಲೂ ಬಾವೊಬಾಬ್ ಇದೆ ಸ್ವಾಮಿ! ದಕ್ಷಿಣದ ಧೋಫಾರ್‌ನಲ್ಲಿ, ಮಿರ್ಬಾತ್ ಹತ್ತಿರದ ವಾದಿ ಹಿನ್ನಾ ಅನ್ನೋ ಕಣಿವೆಯಲ್ಲಿ. ಮಳೆಗಾಲದಲ್ಲಿ ಹೋದರೆ ಸುತ್ತ ಎಲ್ಲ ಹಸಿರು, ಥೇಟ್ ನಮ್ಮ ಘಟ್ಟದ ಹಾಗೆ. ಮೊಂಬಾಸಾ, ಒಮಾನ್, ಆಮೇಲೆ ನಮ್ಮ ಭಟ್ಕಳ, ಗೋವಾ. ಮುಂಗಾರು ಗಾಳಿ ಹಿಡಿದು ಹಡಗು ಬರುತ್ತಿದ್ದ ದಾರಿಯೇ ಇದು. ಬಾವೊಬಾಬ್ ಕಾಯಿ ಗಟ್ಟಿ ಚಿಪ್ಪಿನದು, ಒಳಗಿನ ಹಿಟ್ಟು ಹುಳಿ, ತಿಂಗಳುಗಟ್ಟಲೆ ಕೆಡೋದಿಲ್ಲ. ಇಲ್ಲಿನ ಆಫ್ರಿಕಾದ ಗೆಳೆಯರು ಅದನ್ನ ನೀರಿಗೆ ಕಲಸಿ ಕುಡೀತಾರೆ. ಹಡಗಿನವರು ಅದನ್ನ ಬುತ್ತಿ ಮಾಡಿಕೊಂಡು ಬಂದು ಬೀಜ ಉಗಿದಿರಬಹುದು, ಯಾರೂ ಬೇಕು ಅಂತ ನೆಟ್ಟಿರಲೇಬೇಕು ಎಂದೇನಿಲ್ಲ.

ಹಳೇ_ಮೈಸೂರು:
ಹಡಗಿನವನು ಸವಣೂರಿನವರೆಗೆ ಬಂದು ಉಗುಳಿದನಾ? ಸಮುದ್ರ ಎಲ್ಲಿ, ಸವಣೂರು ಎಲ್ಲಿ. ಅದೂ ಮಠದ ಆವರಣದಲ್ಲಿ ಮೂರು ಮರ ಒಟ್ಟಿಗೆ. ಯಾರೋ ಬೇಕು ಅಂತಲೇ ನೆಟ್ಟಿದ್ದು.

ಮಸ್ಕತ್_ಮಂಜ:
ಮಠ ಮೊದಲೋ ಮರ ಮೊದಲೋ, ಅದನ್ನ ಹೇಳಿ ನೋಡೋಣ. ಮರ ಇದ್ದ ಕಡೆಗೇ ಮಠ ಬಂದಿರಬಾರದಾ?

ಶಾಲ್ಮಲಾ_ತೀರ:
ಮಂಜ ಅವರ ಮಾತು ಸರಿ. ನಮ್ಮ ಕಡೆ ಎಷ್ಟು ದೇವರುಗಳು ಮರದ ಬುಡದಲ್ಲಿ ಹುಟ್ಟಿ ಆಮೇಲೆ ಗುಡಿ ಕಟ್ಟಿಸಿಕೊಂಡಿಲ್ಲ?

ಖಾರಾ_ಮಂಡಕ್ಕಿ:
ಆಫ್ರಿಕಾದಿಂದ ಬಂದದ್ದು ಅಂತ ಬಾವೊಬಾಬ್ ಒಂದಕ್ಕೇ ಯಾಕೆ ಇಷ್ಟು ವಿಚಾರಣೆ. ನಾವು ಸಾರಿಗೆ ಹಾಕೋ ಹುಣಸೆ ಆಫ್ರಿಕಾದ್ದು, ಜೋಳ ಆಫ್ರಿಕಾದ್ದು, ರಾಗಿಯೂ ಆಫ್ರಿಕಾದ್ದು. ಹಳೇ ಮೈಸೂರಿನವರು ಮುದ್ದೆ ನುಂಗೋವಾಗ ಒಮ್ಮೆ ಯೋಚಿಸಲಿ.

ಹಳೇ_ಮೈಸೂರು:
ಮುದ್ದೆ ವಿಷಯಕ್ಕೆ ಬರಬೇಡಿ.

ಗಿಡಗಂಟಿ_ಮೇಷ್ಟ್ರು:
ಮಂಡಕ್ಕಿ ಅವರು ತಮಾಷೆಗೆ ಹೇಳಿದರೂ ವಿಷಯ ಗಟ್ಟಿಯಾಗಿದೆ. ರಾಗಿ, ಜೋಳ ಸಾವಿರಾರು ವರ್ಷಗಳ ಹಿಂದೆಯೇ ಸಮುದ್ರ ದಾಟಿ ಬಂದಿವೆ. ಅವುಗಳ ಜೊತೆಗೇ ಬಾವೊಬಾಬ್ ಕೂಡ ಬಂದಿರಬಹುದು ಎನ್ನುವ ವಿದ್ವಾಂಸರಿದ್ದಾರೆ. ಅದು ಜಾತಿಯ ಮಾತಾಯಿತು. ಆ ಜಾತಿ 3000 ವರ್ಷ ಹಿಂದೆ ಬಂತು ಅಂದ ಮಾತ್ರಕ್ಕೆ ಈಗ ನಿಂತಿರುವ ಮರಕ್ಕೂ 3000 ಅಂತಲ್ಲ. ಇವೆರಡನ್ನ ಕಲಸಿಬಿಡೋದರಿಂದಲೇ ಅರ್ಧ ಗೊಂದಲ.

ಕಾಡುದಾರಿ:
2023ರ ಜುಲೈ ಮಳೆಗೆ ಆ ಮೂರರಲ್ಲಿ ಒಂದು ಮರ ಬುಡಸಮೇತ ಬಿದ್ದುಬಿಟ್ಟಿತ್ತು, ಅದನ್ನ ಯಾರೂ ಹೇಳಲಿಲ್ಲವಲ್ಲ. ಕೊಂಬೆ ಸವರಿ, ಕ್ರೇನ್ ಹಾಕಿ, ಅದೇ ಜಾಗದಲ್ಲಿ ಮತ್ತೆ ನಿಲ್ಲಿಸಿದರು. ಆಮೇಲೆ ಚಿಗುರಿತು. ಅಷ್ಟು ದೊಡ್ಡ ಆಲವೋ ಹುಣಸೆಯೋ ಆಗಿದ್ದರೆ ನಾನು ನಂಬುತ್ತಿರಲಿಲ್ಲ. ಬಾವೊಬಾಬ್ ಕಾಂಡದಲ್ಲೇ ನೀರು ಕೂಡಿಟ್ಟುಕೊಳ್ಳುವ ಮರ, ಬೇರು ಕಿತ್ತರೂ ಕೆಲವು ಕಾಲ ಜೀವ ಹಿಡಿದುಕೊಳ್ಳುತ್ತದೆ. ಬೀಳೋದಕ್ಕೆ ಕಾರಣ ಗಾಳಿಮಳೆ ಅಂತಾರೆ, ಸರಿ. ಆದರೆ ಹಳೆಯ ಮರಗಳ ಬುಡದ ಸುತ್ತ ಕಾಂಕ್ರೀಟು ಹಾಕೋ ಚಟ ಇದೆಯಲ್ಲ, ಅದರ ಬಗ್ಗೆ ನನಗೆ ಸಿಟ್ಟಿದೆ. ಈ ಮರದ ಮಾತಲ್ಲ, ಒಟ್ಟಾರೆ ಹೇಳುತ್ತಿದ್ದೇನೆ.

ಗೌರಿಬಿದನೂರು_ಬಸ್ಸು:
ಕಾಂಕ್ರೀಟು ಮಾತು ಬಂದದ್ದಕ್ಕೆ ಹೇಳ್ತೀನಿ. ನಮ್ಮೂರಿನ ಅರಳಿಕಟ್ಟೆ ಮೊದಲು ಕಲ್ಲುಚಪ್ಪಡಿ ಹಾಸಿದ್ದು, ಸಂದಿಯಲ್ಲಿ ಮಣ್ಣು ಕಾಣುತ್ತಿತ್ತು. ಯಾರೋ ಪುಣ್ಯಾತ್ಮರು ದುಡ್ಡು ಕೊಟ್ಟರು ಅಂತ ಸಿಮೆಂಟು ಸುರಿದು, ಮೇಲೆ ಹೊಳೆಯೋ ಟೈಲ್ಸ್ ಹಾಕಿಸಿ, ಸುತ್ತ ಸ್ಟೀಲ್ ಗ್ರಿಲ್ಲು, ದಾನಿಗಳ ಹೆಸರಿನ ಕಲ್ಲು ಎಲ್ಲ ಆಯಿತು. ಮಳೆ ನೀರು ಒಳಗೆ ಇಳಿಯೋದೇ ಇಲ್ಲ. ಈಗ ಒಂದು ಕಡೆಯ ಕೊಂಬೆ ಪೂರ್ತಿ ಒಣಗಿದೆ. ಅದನ್ನ ಹೇಳಿದರೆ ನನಗೇ "ನೀನೇನು ದೇವರ ಕೆಲಸಕ್ಕೆ ಅಡ್ಡ ಬರ್ತೀಯಾ" ಅಂದರು.

ನಮ್ಮ ತಾಲ್ಲೂಕಿನ ವಿದುರಾಶ್ವತ್ಥದ ಬಗ್ಗೆ ಎಲ್ಲರಿಗೂ ಗೊತ್ತಿರಬೇಕು. ವಿದುರನೇ ನೆಟ್ಟ ಅಶ್ವತ್ಥ ಅಂತ ಸ್ಥಳಪುರಾಣ. ಸುತ್ತ ನೂರಾರು ನಾಗರಕಲ್ಲು. ಆ ಮರ 2001ರಲ್ಲಿ ಬಿದ್ದು ಹೋಯಿತು. ವಿದುರನ ಕಾಲದ್ದಾ ಅಂತ ನನ್ನನ್ನ ಕೇಳಬೇಡಿ, ಆದರೆ 1938ರ ಏಪ್ರಿಲ್ 25ರಂದು ಅದು ಅಲ್ಲೇ ಇತ್ತು. ಅವತ್ತು ಜನ ಕಾಂಗ್ರೆಸ್ ಬಾವುಟ ಹಾರಿಸೋದಕ್ಕೆ ಸೇರಿದ್ದರು. ಮೈಸೂರು ಸಂಸ್ಥಾನದಲ್ಲಿ ಅದಕ್ಕೆ ನಿಷೇಧ ಇತ್ತು. ಪೊಲೀಸರು ಗುಂಡು ಹಾರಿಸಿದರು. ಸತ್ತವರು ಹತ್ತು ಜನ ಅಂತ ಸರ್ಕಾರದ ಲೆಕ್ಕ, ಊರವರ ಲೆಕ್ಕ ಮೂವತ್ತು ದಾಟುತ್ತದೆ. ದಕ್ಷಿಣದ ಜಲಿಯನ್‌ವಾಲಾ ಬಾಗ್ ಅಂತಾರೆ. ಇದಾದ ಮೇಲೆಯೇ ಸರ್ದಾರ್ ಪಟೇಲರು ಮತ್ತು ದಿವಾನ್ ಮಿರ್ಜಾ ಇಸ್ಮಾಯಿಲ್ ಕೂತು ಮಾತಾಡಿ, ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಎಂದು ಒಪ್ಪಂದ ಆಯಿತು. ಮರದ ವಯಸ್ಸು ಎಷ್ಟಾದರೂ ಇರಲಿ, ಅದು ಕಂಡದ್ದು ಇದು.

ಹಳೇ_ಮೈಸೂರು:
"ಮರ ಕಂಡದ್ದು", "ಮರ ಸಾಕ್ಷಿ", ಈ ಮಾತುಗಳೇ ನನಗೆ ಸರಿ ಹೋಗೋದಿಲ್ಲ. ಮರಕ್ಕೆ ಕಣ್ಣಿಲ್ಲ, ಬಾಯಿಲ್ಲ. ಸಾಕ್ಷಿ ಅಂದರೆ ಕೇಳಿದಾಗ ಹೇಳಬೇಕು. ವಿದುರಾಶ್ವತ್ಥದಲ್ಲಿ ಸಾಕ್ಷಿ ಹೇಳಿದ್ದು ಬದುಕಿ ಉಳಿದ ಜನ, ಮರ ಅಲ್ಲ. ಭಾಷಣಕ್ಕೆ ಚೆನ್ನಾಗಿರುತ್ತದೆ ಅಷ್ಟೇ.

ಕಾಡುದಾರಿ:
ಅಲ್ಲಿ ನೀವು ಸೋತಿರಿ ನೋಡಿ. ಮರ ಹೇಳುತ್ತದೆ, ಕೇಳೋ ಕ್ರಮ ಗೊತ್ತಿರಬೇಕು.

ಎಲ್ಲ ಮರದಲ್ಲೂ ಅಲ್ಲ, ಆದರೆ ನಮ್ಮ ತೇಗದಲ್ಲಿ ವರ್ಷದ ಉಂಗುರ ಚೆನ್ನಾಗಿ ಕಾಣುತ್ತದೆ. ಬೇಸಿಗೆಯಲ್ಲಿ ಎಲೆ ಪೂರ್ತಿ ಉದುರಿಸಿ ಸುಮ್ನೆ ನಿಲ್ಲುತ್ತದೆ, ಮಳೆ ಬಂದಾಗ ಬೆಳೆಯುತ್ತದೆ, ಹಾಗಾಗಿ ಗೆರೆ ಸ್ಪಷ್ಟ. ಮುಂಗಾರು ಚೆನ್ನಾಗಿ ಆದ ವರ್ಷ ಉಂಗುರ ಅಗಲ, ಕೈಕೊಟ್ಟ ವರ್ಷ ತೆಳು. ಪುಣೆಯ ಹವಾಮಾನ ವಿಜ್ಞಾನಿಗಳು ಕೇರಳದ ತೇಗದ ಮರಗಳಿಂದ 523 ವರ್ಷಗಳ ಉಂಗುರದ ದಾಖಲೆ ಮಾಡಿದ್ದಾರೆ. 1481ರಿಂದ 2003ರವರೆಗೆ, ವರ್ಷ ವರ್ಷಕ್ಕೆ. 1481 ಅಂದರೆ ವಿಜಯನಗರಕ್ಕೆ ಕೃಷ್ಣದೇವರಾಯ ಇನ್ನೂ ಬಂದಿರಲಿಲ್ಲ. ಮಳೆ ಅಳೆಯೋ ಡಬ್ಬಿ ಇಟ್ಟುಕೊಂಡು ಲೆಕ್ಕ ಬರೆದದ್ದು ನಮ್ಮಲ್ಲಿ ಬ್ರಿಟಿಷರ ಕಾಲದಿಂದ ಈಚೆಗೆ. ಅದರ ಹಿಂದಿನ ಬರಗಾಲಗಳ ಬಗ್ಗೆ ಶಾಸನದಲ್ಲೋ ಲಾವಣಿಯಲ್ಲೋ ಅಲ್ಲೊಂದು ಇಲ್ಲೊಂದು ಮಾತು ಸಿಗಬಹುದು. ತೇಗ ಮಾತ್ರ ಒಂದು ವರ್ಷವನ್ನೂ ಬಿಡದೆ ಬರೆದಿಟ್ಟಿದೆ, ಎಲ್ ನಿನೋ, ಅಂದರೆ ಪೆಸಿಫಿಕ್ ಸಾಗರ ಬಿಸಿಯಾಗಿ ನಮ್ಮ ಮುಂಗಾರು ಕೈಕೊಡುವ ವರ್ಷಗಳ ಬರವೂ ಅದರಲ್ಲಿ ಕಾಣುತ್ತದೆ ಎಂದು ಅವರು ತೋರಿಸಿದ್ದಾರೆ.

ಮರಕ್ಕೆ 1876-78ರ ಬರ ಎಂದರೆ ತೆಳು ಗೆರೆ. ನಮ್ಮ ಮೈಸೂರು ಸಂಸ್ಥಾನದಲ್ಲಿ ಅದೇ ಬರಕ್ಕೆ ಹತ್ತಿರ ಹತ್ತಿರ ಐದರಲ್ಲಿ ಒಬ್ಬರು ಸತ್ತರು. ಆ ಸತ್ತವರಲ್ಲಿ ಎಷ್ಟು ಜನರ ಹೆಸರು ಎಲ್ಲಾದರೂ ಇದೆ?

ಭದ್ರಾ ಅಭಯಾರಣ್ಯದಲ್ಲಿ ಜಾಗರ ಜೈಂಟ್ ಅಂತ ಒಂದು ತೇಗದ ಮರ ಇದೆ, ಸುತ್ತಳತೆ ಐದು ಮೀಟರ್ ಮೇಲೆ. ಕೇರಳದ ಪರಂಬಿಕುಳಂನಲ್ಲಿ ಕನ್ನಿಮಾರ ತೇಗ ಇನ್ನೂ ದೊಡ್ಡದು. ಇವು ಹೇಗೆ ಉಳಿದವು ಅನ್ನೋದೇ ಆಶ್ಚರ್ಯ. ಬ್ರಿಟಿಷರು ಹಡಗಿಗೆ, ರೈಲಿನ ಸ್ಲೀಪರ್‌ಗೆ ಅಂತ ತೇಗವನ್ನ ಬಿಟ್ಟವರಲ್ಲ.

ಹಳೇ_ಮೈಸೂರು:
ಸರಿ, ತೇಗದ ಮಟ್ಟಿಗೆ ನಿಮ್ಮ ಮಾತು ಇರಲಿ. ಅದು ಮಳೆಯ ಸಾಕ್ಷಿ ಆಯಿತು. ಮನುಷ್ಯರ ಸಾಕ್ಷಿ ಹೇಗೆ?

ಕಾಡುದಾರಿ:
ಮಳೆ ಬಿಟ್ಟು ಮನುಷ್ಯರ ಚರಿತ್ರೆ ಬೇರೆ ಇದೆಯಾ ಈ ನಾಡಿನಲ್ಲಿ?

ನಂದಗಡ_ನಾಕಾ:
ಮನುಷ್ಯರ ಸಾಕ್ಷಿ ಬೇಕಂದ್ರ ನಮ್ಮ ನಂದಗಡಕ್ಕ ಬರ್ರಿ. ಸಂಗೊಳ್ಳಿ ರಾಯಣ್ಣನನ್ನ 1831ರ ಜನವರಿ 26ರಂದು ಗಲ್ಲಿಗೆ ಹಾಕಿದ ಆಲದ ಮರ ಇಲ್ಲಿದೆ. ಇವತ್ತಿಗೂ ಜನ ಬಂದು ತೊಟ್ಟಿಲು ಕಟ್ಟಿ, ರಾಯಣ್ಣನಂಥ ಮಗ ಹುಟ್ಟಲಿ ಅಂತ ಹರಕೆ ಹೊರುತ್ತಾರೆ.

ವಕೀಲ್_ಸಾಬ್:
ಸಣ್ಣ ತಿದ್ದುಪಡಿ. ನಂದಗಡದ ಕತೆಯಲ್ಲಿ ಎರಡು ಆಲದ ಮರ ಇವೆ, ಜನ ಸೇರಿಸಿಬಿಡುತ್ತಾರೆ. ಗಲ್ಲಿಗೆ ಹಾಕಿದ್ದು ಒಂದು ಆಲದ ಮರಕ್ಕೆ. ಆಮೇಲೆ ರಾಯಣ್ಣನ ಸಮಾಧಿಯ ಮೇಲೆ ಅವನ ಆಪ್ತ ಬಿಚ್ಚುಗತ್ತಿ ಚನ್ನಬಸಪ್ಪ ಒಂದು ಆಲದ ಸಸಿ ನೆಟ್ಟ ಎಂಬ ಪ್ರತೀತಿ ಇದೆ. ಈಗ ದೊಡ್ಡದಾಗಿ ಬೆಳೆದು ನಿಂತಿರುವುದು ಆ ಸಮಾಧಿಯ ಮರ. ತೊಟ್ಟಿಲು ಕಟ್ಟೋದೂ ಅಲ್ಲಿಗೇ.

ನಂದಗಡ_ನಾಕಾ:
ವಕೀಲರೇ, ನೀವು ಪುಸ್ತಕ ಓದಿ ಹೇಳ್ತೀರಿ, ನಾವು ಹುಟ್ಟಿದಾಗಿಂದ ಎರಡೂ ಜಾಗ ಒಂದೇ ದಾರಿಯಲ್ಲಿ ನೋಡಿ ಬೆಳೆದವರು. ಜಾತ್ರೆಯಲ್ಲಿ ಯಾರೂ ಅಷ್ಟು ಬಿಡಿಸಿ ಕೇಳೋದಿಲ್ಲ ಬಿಡ್ರಿ.

ಶಾಲ್ಮಲಾ_ತೀರ:
ಬಿಡಿಸಿ ಕೇಳಬೇಕು ಅನ್ನೋದು ನನ್ನ ಅಭಿಪ್ರಾಯ. ಒಂದು ಮರವನ್ನ ಸರ್ಕಾರ ಆರಿಸಿತು, ಗಲ್ಲಿಗೆ. ಇನ್ನೊಂದನ್ನ ಗೆಳೆಯ ಆರಿಸಿದ. ಇವೆರಡನ್ನ ಒಂದೇ ಮಾಡಿಬಿಟ್ಟರೆ ಚನ್ನಬಸಪ್ಪನ ಕತೆಯೇ ಹೊರಟು ಹೋಗುತ್ತದೆ.

ನಂದಗಡ_ನಾಕಾ:
ಅದೂ ಖರೇನ.

ಮಸ್ಕತ್_ಮಂಜ:
ಆಲದ ಮರದ ವಯಸ್ಸಿನ ಬಗ್ಗೆ ಮೇಷ್ಟ್ರು ಏನೂ ಹೇಳಲಿಲ್ಲ. ಬೆಂಗಳೂರಿನ ರಾಮೋಹಳ್ಳಿ ಹತ್ತಿರದ ದೊಡ್ಡ ಆಲದ ಮರಕ್ಕೆ 400 ವರ್ಷ ಅಂತಾರೆ. ಮೂರು ಎಕರೆ ಹರಡಿದೆ. ಆದರೆ ಅದರ ಮೂಲ ಕಾಂಡವೇ ರೋಗ ಬಂದು ಹೋಗಿ ಎಷ್ಟೋ ಕಾಲ ಆಯಿತು. ಈಗ ಇರೋದೆಲ್ಲ ಬಿಳಲು ಇಳಿದು ಆದ ಕಾಂಡಗಳು. 2024ರ ಮಳೆಗೆ ಅದರಲ್ಲೂ ಒಂದು ಭಾಗ ಬಿತ್ತು. ಹಾಗಾದರೆ 400 ವರ್ಷದ್ದು ಯಾವುದು?

ಗಿಡಗಂಟಿ_ಮೇಷ್ಟ್ರು:
ಮರ ಒಂದೇ. ಕಾಂಡಗಳು ಬದಲಾಗುತ್ತವೆ. ಹೌರಾದ ಸಸ್ಯೋದ್ಯಾನದ ದೊಡ್ಡ ಆಲದ ಕತೆಯೂ ಅದೇ. 1864ರ ಮತ್ತು 1867ರ ಚಂಡಮಾರುತಕ್ಕೆ ಗಾಯ ಆಗಿ, ಶಿಲೀಂಧ್ರ ಹತ್ತಿ, 1925ರಲ್ಲಿ ಮೂಲ ಕಾಂಡವನ್ನೇ ತೆಗೆದುಹಾಕಿದರು. ಮರ ಮಾತ್ರ ಹೊರಗೆ ಹೊರಗೆ ಬೆಳೆಯುತ್ತಲೇ ಇದೆ. ಅದಕ್ಕೇ ಆಲದಲ್ಲಿ ಹಳೆಯ ಕಟ್ಟಿಗೆ ಹುಡುಕಿ ಪರೀಕ್ಷೆ ಮಾಡೋದು ಕಷ್ಟ. ಆಲದ ವಯಸ್ಸಿಗೆ ಬರಹದ ದಾಖಲೆಯೋ ಊರ ನೆನಪೋ ಆಧಾರ.

ಆಂಧ್ರದ ಕದಿರಿ ಹತ್ತಿರ ತಿಮ್ಮಮ್ಮ ಮರ್ರಿಮಾನು ಇದೆ, ನಮ್ಮ ಬಾಗೇಪಲ್ಲಿ ಗಡಿಯಿಂದ ದೂರ ಅಲ್ಲ. ತಿಮ್ಮಮ್ಮ ಎಂಬ ಹೆಂಗಸು 1434ರಲ್ಲಿ ಗಂಡನ ಚಿತೆ ಏರಿದಳು, ಚಿತೆಗೆ ನೆಟ್ಟಿದ್ದ ಕಂಬ ಚಿಗುರಿ ಮರ ಆಯಿತು ಎಂದು ಅಲ್ಲಿಯ ಜನ ಹೇಳುತ್ತಾರೆ. ಅದನ್ನ ಹೊರ ಜಗತ್ತಿಗೆ ತೋರಿಸಿದವರು ನಮ್ಮ ಬೆಂಗಳೂರಿನ ಛಾಯಾಗ್ರಾಹಕ, ಪತ್ರಕರ್ತ ರಿಗ್ರೆಟ್ ಅಯ್ಯರ್. 1989ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿತು.

ಶಾಲ್ಮಲಾ_ತೀರ:
ತಿಮ್ಮಮ್ಮನ ಕತೆ ಓದಿದರೆ ನನಗೆ ಭಕ್ತಿ ಬರೋದಿಲ್ಲ, ಹೊಟ್ಟೆ ಉರಿಯುತ್ತದೆ. ಒಬ್ಬ ಹೆಂಗಸನ್ನ ಸುಟ್ಟ ಜಾಗ. ಮಕ್ಕಳಾಗದವರು ಹೋಗಿ ಹರಕೆ ಹೊರುತ್ತಾರಂತೆ. ಮರ ದೊಡ್ಡದಾಯಿತು ಅಂತ ನಾವು ಹೆಮ್ಮೆ ಪಡ್ತೀವಿ, ಅವಳ ವಯಸ್ಸು ಎಷ್ಟಿತ್ತು ಅಂತ ಯಾರಾದರೂ ಕೇಳ್ತಾರಾ?

ಹಳೇ_ಮೈಸೂರು:
ಇದಕ್ಕೆ ಮಾತ್ರ ನನ್ನದು ಪೂರ್ತಿ ಒಪ್ಪಿಗೆ.

ಖಾರಾ_ಮಂಡಕ್ಕಿ:
ತೆಲಂಗಾಣದ ಮಹಬೂಬ್‌ನಗರದ ಪಿಲ್ಲಲಮರ್ರಿ ಆಲಕ್ಕೆ 2018ರಲ್ಲಿ ಡ್ರಿಪ್ ಹಾಕಿದ್ದು ನೆನಪಿದೆಯಾ? ಗೆದ್ದಲು ಹತ್ತಿತ್ತು, ಸಲೈನ್ ಬಾಟಲಿಯಲ್ಲಿ ಔಷಧಿ ತುಂಬಿ ಕೊಂಬೆ ಕೊಂಬೆಗೂ ನೇತು ಹಾಕಿದ್ದರು. ಆ ಫೋಟೋ ನೋಡಿ ನಮ್ಮಜ್ಜಿ "ಪಾಪ, ಆಸ್ಪತ್ರೆಗೆ ಹೋಗೋಕಾಗಲ್ಲ ಅಂತ ಅಲ್ಲೇ ಹಾಕಿದ್ದಾರೆ" ಅಂದಿತ್ತು.

ಗೌರಿಬಿದನೂರು_ಬಸ್ಸು:
ನಮ್ಮ ಅರಳಿಮರಕ್ಕೂ ಒಂದು ಬಾಟಲಿ ಬೇಕು.

ವಕೀಲ್_ಸಾಬ್:
ಬಾಟಲಿ ಆಮೇಲೆ, ಮೊದಲು ಕಾನೂನು ನೋಡಿ. ಕರ್ನಾಟಕದ 1976ರ ಮರ ಸಂರಕ್ಷಣೆ ಕಾಯ್ದೆ ಪ್ರಕಾರ ಮರ ಕಡಿಯೋಕೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಮಹಾರಾಷ್ಟ್ರದವರು 2021ರಲ್ಲಿ ತಮ್ಮ ಕಾಯ್ದೆ ತಿದ್ದಿ, 50 ವರ್ಷ ದಾಟಿದ ಮರವನ್ನ ಪಾರಂಪರಿಕ ಮರ ಎಂದು ಗುರುತಿಸುವ ಏರ್ಪಾಡು ಮಾಡಿದರು. ನಮ್ಮಲ್ಲಿ ಬೇರೆ ದಾರಿಯಲ್ಲಿ ಒಳ್ಳೆಯ ಕೆಲಸ ಆಗಿದೆ. ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಆಯಿತು. 54 ಎಕರೆ, ಸುಮಾರು 300 ಹುಣಸೆ ಮರ. ಚೋಳರು ನೆಟ್ಟದ್ದು ಅಂತ ಊರಿನ ಮಾತು. ಪರೀಕ್ಷೆಯಲ್ಲಿ ಅತಿ ಹಳೆಯ ಮರಕ್ಕೆ ನಾನೂರು ವರ್ಷದ ಆಸುಪಾಸು ಬಂತು. ಅಲ್ಲೂ ಮೇಷ್ಟ್ರು ಹೇಳಿದ್ದೇ ಆಯಿತು ನೋಡಿ, ಜನರ ಲೆಕ್ಕದ ಅರ್ಧ.

ಗಿಡಗಂಟಿ_ಮೇಷ್ಟ್ರು:
ನಲ್ಲೂರಿನಲ್ಲಿ ಒಂದು ವಿಶೇಷ ಇದೆ. ಕೆಲವು ಮರಗಳ ಕಾಂಡ ಒಳಗೆ ಪೂರ್ತಿ ಪೊಳ್ಳು, ಬರೀ ತೊಗಟೆಯ ಗೋಡೆ ನಿಂತಿದೆ, ಆದರೂ ಮೇಲೆ ಕಾಯಿ ಬಿಡುತ್ತವೆ. ಕಾಂಡ ಒಣಗಿದ ಕಡೆ ಬುಡದಿಂದ ಹೊಸ ಚಿಗುರು ಎದ್ದು ಮತ್ತೆ ಮರ ಆಗಿದೆ. ಅಂದರೆ ಬೇರು ಇನ್ನೂ ಹಳೆಯದಿರಬಹುದು, ಈಗಿನ ಕಾಂಡದ ವಯಸ್ಸಷ್ಟೇ ನಾವು ಅಳೆದಿರಬಹುದು. ಹಾಗಾಗಿ ಊರವರನ್ನ ನಾನು ಪೂರ್ತಿ ತಳ್ಳಿಹಾಕೋದಿಲ್ಲ.

ಬ್ಯಾಡಗಿ_ಕಾಯಿ:
ಮೇಷ್ಟ್ರೇ, ಇದನ್ನ ದೊಡ್ಡಪ್ಪನಿಗೆ ಹೇಳಿದರೆ ಮತ್ತೆ 5000ಕ್ಕೆ ಹೋಗ್ತಾರೆ.

ಕಾಡುದಾರಿ:
ಸರ್ಕಾರದ ತಾಣ ಆಗೋದಕ್ಕಿಂತ ಮೊದಲೇ ಜನ ಕಾದುಕೊಂಡ ಮರಗಳೂ ಇವೆ. ಬಿಳಿಗಿರಿರಂಗನ ಬೆಟ್ಟದ ದೊಡ್ಡ ಸಂಪಿಗೆ ನೋಡಿ. ಕಾಡಿನ ಒಳಗೆ, ಭಾರ್ಗವಿ ಹೊಳೆಯ ದಡದಲ್ಲಿ. ಸೋಲಿಗರಿಗೆ ಅದು ದೇವರು, ಬುಡದಲ್ಲಿ ಸಾಲಾಗಿ ಕಲ್ಲುಗಳು. ಆ ಬೆಟ್ಟ 2011ರಲ್ಲಿ ಹುಲಿ ಮೀಸಲು ಆಯಿತು, ಅದೇ ವರ್ಷ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಲ್ಲಿ ಸಮುದಾಯ ಹಕ್ಕೂ ಸಿಕ್ಕಿತು. ಹುಲಿ ಮೀಸಲಿನೊಳಗೆ ಹಾಗೆ ಸಿಕ್ಕಿದ್ದು ದೇಶದಲ್ಲಿ ಅದೇ ಮೊದಲು. ಮರ ಅವರನ್ನ ಕಾಯಿತೋ ಅವರು ಮರವನ್ನ ಕಾದರೋ, ಎರಡೂ ಹೌದು. ಅದನ್ನ ಬಿಟ್ಟು ಮರಕ್ಕೆ 600 ವರ್ಷವೋ 2000 ವರ್ಷವೋ ಅಂತ ಪ್ರವಾಸಿಗರು ಅಲ್ಲಿಯೂ ಜಗಳ ಮಾಡ್ತಾರೆ.

ಹಳೇ_ಮೈಸೂರು:
ವಯಸ್ಸು ಮುಖ್ಯ ಅಲ್ಲ ಅನ್ನೋಹಾಗಿಲ್ಲ ಸ್ವಾಮಿ. ರಸ್ತೆ ಅಗಲ ಮಾಡೋವಾಗ 'ಇದು 80 ವರ್ಷದ್ದು ಅಷ್ಟೇ, ಕಡೀರಿ' ಅಂತಾರೆ. ಸುಳ್ಳು ವಯಸ್ಸು ಹೇಳಿದ್ದು ಒಂದು ಕಡೆ ಗೊತ್ತಾದರೆ ನಿಜ ಹೇಳಿದವರನ್ನೂ ನಂಬೋದಿಲ್ಲ. ಅದಕ್ಕೇ ನಾನು ಸಂಖ್ಯೆಯ ಮೇಲೆ ಹಟ ಮಾಡೋದು. ಹೈದರಾಬಾದಿನಿಂದ ವಿಜಯಪುರದ ಕಡೆ ಬರುವ ಹೆದ್ದಾರಿಯಲ್ಲಿ ಚೇವೆಳ್ಳ ಹತ್ತಿರ ಸುಮಾರು 900 ಆಲದ ಮರಗಳ ಸಾಲು ಇದೆ, ನಿಜಾಮರ ಕಾಲದ್ದು. ಅಲ್ಲಿಯ ಜನ ಮರ ಮರಕ್ಕೂ ಲೆಕ್ಕ ಹಿಡಿದು ಹಸಿರು ನ್ಯಾಯಮಂಡಳಿಗೆ ಹೋದರು. ಸರಿಯಾದ ಪಟ್ಟಿ ಇದ್ದದ್ದಕ್ಕೇ ವಾದಕ್ಕೆ ಬಲ ಬಂತು.

ವಕೀಲ್_ಸಾಬ್:
ಇದು ಕೋರ್ಟಿನಲ್ಲಿ ನಿಲ್ಲುವ ಮಾತು.

ಗೌರಿಬಿದನೂರು_ಬಸ್ಸು:
ಹಳೆಯ ಮರ ಮಾತ್ರ ಯಾಕೆ. ಸಾಲುಮರದ ತಿಮ್ಮಕ್ಕ ಹುಲಿಕಲ್‌ನಿಂದ ಕುದೂರಿನವರೆಗೆ ನೆಟ್ಟ 385 ಆಲಗಳಿಗೆ ಇನ್ನೂ ನೂರು ವರ್ಷ ಆಗಿಲ್ಲ. 2019ರಲ್ಲಿ ರಸ್ತೆ ಅಗಲ ಮಾಡೋ ಮಾತು ಬಂದಾಗ ಆಯಮ್ಮ ತಾನೇ ಮುಖ್ಯಮಂತ್ರಿಗಳ ಹತ್ತಿರ ಕೇಳಿಕೊಳ್ಳಬೇಕಾಯಿತು. 2025ರ ನವೆಂಬರಿನಲ್ಲಿ ಆಯಮ್ಮನೂ ಹೋದರು. ಇನ್ನು ಮುಂದೆ ಯಾರು ಕೇಳ್ತಾರೆ?

ಶಾಲ್ಮಲಾ_ತೀರ:
ಅವುಗಳ ವಯಸ್ಸಿನ ಬಗ್ಗೆ ಮುಂದೆ ಯಾರಿಗೂ ಜಗಳ ಇರೋದಿಲ್ಲ ಅನ್ನೋದು ಒಂದು ಸಮಾಧಾನ. ನೆಟ್ಟವರು ಯಾರು, ನೀರು ಹೊತ್ತವರು ಯಾರು, ಎಲ್ಲ ಗೊತ್ತು. ಶ್ರೀಲಂಕಾದ ಅನುರಾಧಪುರದ ಬೋಧಿ ಮರ ಹಾಗೆಯೇ ಅಲ್ವಾ, ಕ್ರಿಸ್ತಪೂರ್ವ 288ರಲ್ಲಿ ನೆಟ್ಟದ್ದು ಅಂತ ಬರೆದಿಟ್ಟಿದ್ದಾರೆ. ನೆಟ್ಟ ದಿನ ಬರೆದಿಟ್ಟರೆ ಉಂಗುರ ಯಾಕೆ ಬೇಕು.

ನಂದಗಡ_ನಾಕಾ:
ತಿಮ್ಮಕ್ಕನ ಮರಕ್ಕೂ 500 ವರ್ಷ ಆದಮೇಲೆ ಯಾರೋ 5000 ಅಂತ ಬೋರ್ಡ್ ಹಾಕ್ತಾರೆ, ನೋಡ್ತಿರ್ರಿ.

ಖಾರಾ_ಮಂಡಕ್ಕಿ:
😂😂

ಬ್ಯಾಡಗಿ_ಕಾಯಿ:
ಇಷ್ಟು ಜನ ಬರೆದದ್ದಕ್ಕೆ ಥ್ಯಾಂಕ್ಸ್. ಭಾವನಿಗೆ ಡಿಎನ್‌ಎ ವಿಷಯ ಹೇಳಿದೆ, ಸ್ವಲ್ಪ ಮೆತ್ತಗಾದರು. ಸವಣೂರಿನ ಮರಕ್ಕೂ ಝೂನ್ಸಿಯ ಹಾಗೆ ಚೂರು ತೆಗೆದು ಪರೀಕ್ಷೆ ಮಾಡಿಸಬಹುದಾ? ಮಠದವರು ಒಪ್ಪಬೇಕು, ಮರಕ್ಕೆ ನೋವಾಗಬಾರದು. ಯಾರನ್ನ ಕೇಳಬೇಕು?

ಗಿಡಗಂಟಿ_ಮೇಷ್ಟ್ರು:
ಮಠದವರ ಒಪ್ಪಿಗೆ ಮೊದಲು, ಆಮೇಲೆ ಅರಣ್ಯ ಇಲಾಖೆ. ಒಂದು ಅರ್ಜಿಯಲ್ಲಿ ಈಗಿನ ಸುತ್ತಳತೆ ಬರೆಯಿರಿ, ನೆಲದಿಂದ ಎದೆಮಟ್ಟದಲ್ಲಿ, ಅಂದರೆ ಸುಮಾರು ನಾಲ್ಕೂವರೆ ಅಡಿ ಎತ್ತರದಲ್ಲಿ ಅಳೆಯಬೇಕು. ಟೇಪು ಸಡಿಲ ಬಿಡಬೇಡಿ. ಮೂರೂ ಮರದ್ದು ಬೇರೆ ಬೇರೆ ಬರೆಯಿರಿ, ಬಿದ್ದು ಎದ್ದ ಮರ ಯಾವುದು ಅಂತ ಗುರುತು ಹಾಕಿ. ಹೂವು ರಾತ್ರಿ ಅರಳುತ್ತದೆ, ಬಾವಲಿ ಬರುತ್ತವೆಯಾ ಅದನ್ನೂ ನೋಡಿ. ಕರಡು ಇಲ್ಲಿ ಹಾಕಿದರೆ ನಾನು ತಿದ್ದಿ ಕೊಡ್ತೀನಿ.

ವಕೀಲ್_ಸಾಬ್:
ಅರ್ಜಿಯ ಒಂದು ಪ್ರತಿ ತಾಲ್ಲೂಕಿನ ಜೀವವೈವಿಧ್ಯ ನಿರ್ವಹಣಾ ಸಮಿತಿಗೂ ಕೊಡಿ. ಸ್ವೀಕೃತಿ ಸಹಿ ಹಾಕಿಸಿಕೊಳ್ಳೋದು ಮರೀಬೇಡಿ.

ಹಳೇ_ಮೈಸೂರು:
ಪರೀಕ್ಷೆಗೆ ದುಡ್ಡು ಬೇಕಾದರೆ ಹೇಳಿ, ನನ್ನದೂ ಒಂದು ಪಾಲು. 300 ಬಂದರೆ ಭಾವ ಊಟ ಹಾಕಿಸಲಿ.

ಖಾರಾ_ಮಂಡಕ್ಕಿ:
ಎಷ್ಟು ಬಂದರೂ ಊಟ ಸವಣೂರಿನಲ್ಲೇ ಆಗಲಿ, ಎಲೆಯೂ ಅಲ್ಲೇ ಸಿಗುತ್ತೆ.